ಫುಟ್‌ಪಾತಿಗೆ ವಾರಸುದಾರರು ಯಾರು?

ಬೆಂಗಳೂರಿನ ವೈಟ್‌ಫೀಲ್ಡ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಗಾಜಿನ ಕಟ್ಟಡಗಳು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕ ಯುವತಿಯರು, ಮುಗಿಯದ ಟ್ರಾಫಿಕ್ಕು. ನಿಮ್ಮ ಮಗನೋ ಅಳಿಯನೋ ಅಕ್ಕನ ಮಗಳೋ ಅಲ್ಲಿ ಕೆಲಸಕ್ಕಿರಬಹುದು. ಇಲ್ಲವೇ ಮನೆಯವರೊಬ್ಬರನ್ನು ಹೃದಯದ ಶಸ್ತ್ರಚಿಕಿತ್ಸೆಗೆಂದು ಅಲ್ಲಿನ ಸತ್ಯಸಾಯಿ ಆಸ್ಪತ್ರೆಗೆ ನೀವೇ ಕರೆದೊಯ್ದಿರಬಹುದು. 2001ರಲ್ಲಿ ಆರಂಭವಾದ ಆ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾದ್ದರಿಂದ ರಾಜ್ಯದ ಮೂಲೆ ಮೂಲೆಗಳಿಂದ ಜನ ಬರುತ್ತಾರೆ. ಹಾಗೆ ಹೋದಾಗ ನೀವು ಒಂದನ್ನು ಗಮನಿಸಿರುತ್ತೀರಿ. ಕೋಟಿಗಟ್ಟಲೆ ರೂಪಾಯಿಯ ವಹಿವಾಟು ನಡೆಯುವ ಆ ಊರಿನಲ್ಲಿ ಎರಡು ಕಾಲಿನಲ್ಲಿ ನಡೆಯುವವರಿಗೆ ಜಾಗವನ್ನು ಹುಡುಕಬೇಕು.

2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಜಂಕ್ಷನ್ ಬಳಿ ಒಂದು ಪುಟ್ಟ ಕುಟುಂಬ ಬಸ್ಸಿನಿಂದಿಳಿದು ಮನೆಯತ್ತ ನಡೆಯುತ್ತಿತ್ತು. ಫುಟ್‌ಪಾತ್ ಮೇಲೆ ವಿದ್ಯುತ್ ತಂತಿಯೊಂದು ತುಂಡಾಗಿ ಬಿದ್ದಿತ್ತು. ಕತ್ತಲಲ್ಲಿ ಅದು ಕಾಣಲಿಲ್ಲ. ಯುವ ತಾಯಿಯೂ ಆಕೆಯ ಕಂಕುಳಲ್ಲಿದ್ದ ಹಸುಗೂಸೂ ಅಲ್ಲೇ ಪ್ರಾಣ ಬಿಟ್ಟರು. ರಕ್ಷಿಸಲು ಧಾವಿಸಿದ ಗಂಡನಿಗೂ ಸುಟ್ಟ ಗಾಯಗಳಾದವು. ಬೆಸ್ಕಾಂನ ಕೆಲವು ಅಧಿಕಾರಿಗಳ ಅಮಾನತು ಆಯಿತು, ಪೊಲೀಸ್ ಮೊಕದ್ದಮೆ ದಾಖಲಾಯಿತು, ಪರಿಹಾರ ಘೋಷಣೆಯಾಯಿತು.

ಈ ಘಟನೆಯಲ್ಲಿ ಆ ತಾಯಿಯ ತಪ್ಪೇನಿತ್ತು ಹೇಳಿ? ಆಕೆ ರಸ್ತೆಯ ನಡುವೆ ಓಡಲಿಲ್ಲ, ಸಿಗ್ನಲ್ ಮುರಿಯಲಿಲ್ಲ. ನಡೆಯುವವರಿಗೆಂದೇ ಮಾಡಿದ ಜಾಗದಲ್ಲಿ ನಡೆದಳು, ಅಷ್ಟೇ.

ಫುಟ್‌ಪಾತಿನ ಕಲ್ಲು ಹಾಸುವುದು ನಗರ ಪಾಲಿಕೆ. ಅದರ ಮೇಲಿನ ಕಂಬ, ತಂತಿ ಬೆಸ್ಕಾಂನದು. ಕೆಳಗಿನ ನೀರಿನ ಕೊಳವೆ, ಒಳಚರಂಡಿ ಜಲಮಂಡಳಿಯದು. ನಡುವೆ ಕೇಬಲ್ ಎಳೆಯುವವರು ಖಾಸಗಿ ಕಂಪೆನಿಯವರು. ಬೈಕುಗಳು ಫುಟ್‌ಪಾತ್ ಹತ್ತದಂತೆ ನೋಡಿಕೊಳ್ಳಬೇಕಾದವರು ಸಂಚಾರಿ ಪೊಲೀಸರು. ಮೆಟ್ರೋ ಕಾಮಗಾರಿ ನಡೆದಷ್ಟು ಕಾಲ ಅರ್ಧ ರಸ್ತೆ ಮೆಟ್ರೋ ನಿಗಮದ ತಗಡಿನ ಬೇಲಿಯೊಳಗೆ. ಇಷ್ಟು ಮಂದಿ ಯಜಮಾನರಿರುವ ಮನೆಯಲ್ಲಿ ಕಸ ಗುಡಿಸುವವರು ಯಾರು? ನಡೆಯುವವರು ಬಿದ್ದು ಕಾಲು ಮುರಿದುಕೊಂಡರೆ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆ ಬೆರಳು ತೋರಿಸಿ ಪಾರಾಗಬಹುದು. ಹಣದ ಕೊರತೆ ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ವೈಟ್‌ಫೀಲ್ಡ್‌ನ ಮಟ್ಟಿಗಂತೂ ಕೊರತೆಯಿರುವುದು ಹಣಕ್ಕಲ್ಲ, ವಾರಸುದಾರರಿಗೆ.

ಹಳ್ಳಿ ರಸ್ತೆಯ ಮೇಲೆ ಪಟ್ಟಣ

ಇಲ್ಲಿನ ರಸ್ತೆಗಳು ಹೀಗೇಕಾದವು ಎಂಬುದಕ್ಕೊಂದು ಚರಿತ್ರೆಯಿದೆ. 1882ರಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ನೀಡಿದ ಜಮೀನಿನಲ್ಲಿ ಈ ಊರು ಹುಟ್ಟಿತು. ಆ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ನೂರು ವರ್ಷ ಅದು ತೋಟ, ಬಂಗಲೆಗಳ ಶಾಂತ ಹಳ್ಳಿ. 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಹಿಂದೆಯೇ ಕಂಪೆನಿಗಳು, ಅಪಾರ್ಟ್‌ಮೆಂಟ್‌ಗಳು, ಆ ಅಪಾರ್ಟ್‌ಮೆಂಟ್‌ಗಳಲ್ಲಿ ಅಡುಗೆ, ಕಸಮುಸುರೆ ಮಾಡಿ ಬದುಕುವ ಸಾವಿರಾರು ಹೆಂಗಸರು ಬಂದರು. ರಸ್ತೆ ಮಾತ್ರ ಎತ್ತಿನ ಗಾಡಿ ಹೋಗುತ್ತಿದ್ದ ಅದೇ ರಸ್ತೆ. 2007ರವರೆಗೂ ಈ ಪ್ರದೇಶ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೇ ಸೇರಿರಲಿಲ್ಲ, ಮಹದೇವಪುರ ನಗರಸಭೆಯ ಕೈಯಲ್ಲಿತ್ತು.

2015ರ ನವೆಂಬರಿನಲ್ಲಿ ಇಲ್ಲಿನ ನಿವಾಸಿಗಳ ಸಹನೆಯ ಕಟ್ಟೆಯೊಡೆಯಿತು. 'ಸಾಕಪ್ಪಾ ಸಾಕು' ಎಂಬ ಘೋಷಣೆಯೊಂದಿಗೆ ಅವರು ರಸ್ತೆಗಿಳಿದು ಮಾನವ ಸರಪಳಿ ರಚಿಸಿದರು. 2013ರಲ್ಲಿ ಆರಂಭವಾಗಿದ್ದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕರ ಬಳಗ ಅದರ ಮುಂಚೂಣಿಯಲ್ಲಿತ್ತು. ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವರೂ ಶಾಲಾ ಮಕ್ಕಳೂ ಗೃಹಿಣಿಯರೂ ಒಟ್ಟಿಗೆ ನಿಂತದ್ದು ಬೆಂಗಳೂರಿಗೆ ಹೊಸ ದೃಶ್ಯ. ಅಲ್ಲಿಯವರೆಗೆ ರಸ್ತೆಗಾಗಿ ಬೀದಿಗಿಳಿಯುವುದೆಂದರೆ ರಾಜಕೀಯದವರ ಕೆಲಸವೆಂದೇ ಓದಿದವರು ತಿಳಿದಿದ್ದರು.

ಆಮೇಲೆ ಮೆಟ್ರೋ ಬಂತು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ, ಅದೇ ವರ್ಷ ಅಕ್ಟೋಬರ್ 9ರಂದು ನಗರದ ಉಳಿದ ಮಾರ್ಗದೊಂದಿಗೆ ಜೋಡಿಸಿಕೊಂಡು ರೈಲು ಓಡಿತು. ಮೆಟ್ರೋ ನಿಲ್ದಾಣದೊಳಗೆ ಲಿಫ್ಟ್ ಇದೆ. ಅಂಧರು ಪಾದದಿಂದ ಮುಟ್ಟಿ ತಿಳಿದುಕೊಳ್ಳಲೆಂದು ನೆಲಕ್ಕೆ ಉಬ್ಬುಗೆರೆಯ ಟೈಲ್ಸ್ ಹಾಕಿದ್ದಾರೆ. ಉದ್ದ ಗೆರೆಯಿದ್ದರೆ ಮುಂದೆ ನಡೆಯಬಹುದು, ಚುಕ್ಕೆಗಳಿದ್ದರೆ ನಿಲ್ಲಬೇಕು. ಮುಂದಿನ ಸಲ ಸತ್ಯಸಾಯಿ ಆಸ್ಪತ್ರೆ ನಿಲ್ದಾಣದಲ್ಲಿಯೋ ನಲ್ಲೂರಹಳ್ಳಿಯಲ್ಲಿಯೋ ಇಳಿದಾಗ ಆ ಗೆರೆಯನ್ನು ಹಿಂಬಾಲಿಸಿ ನೋಡಿ. ಅದು ನಿಮ್ಮನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ? ಕೈಬಿಡುವ ಆ ಜಾಗದಿಂದ ಆಸ್ಪತ್ರೆಯ, ಶಾಲೆಯ, ಮನೆಯ ಬಾಗಿಲವರೆಗಿನ ಅರ್ಧ ಕಿಲೋಮೀಟರೇ ನಾವು ಚರ್ಚಿಸುತ್ತಿರುವ ವಿಷಯ.

ಒಳ್ಳೆಯ ಫುಟ್‌ಪಾತ್ ಎಂದರೆ

ಹೆಚ್ಚಿನವರು ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಅದಕ್ಕೂ ಲೆಕ್ಕಾಚಾರವಿದೆ. ಭಾರತೀಯ ರೋಡ್ ಕಾಂಗ್ರೆಸ್ ಎಂಬ ತಜ್ಞರ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ನಡೆಯಲು ಅಡೆತಡೆಯಿಲ್ಲದ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಬೇಕು. ಎದುರುಬದುರಾಗಿ ಎರಡು ಗಾಲಿಕುರ್ಚಿಗಳು ದಾಟಬೇಕಾದರೆ ಅಷ್ಟು ಬೇಕೇ ಬೇಕು. ಎತ್ತರ 150 ಮಿಲಿಮೀಟರ್, ಅರ್ಧ ಅಡಿ ಮೀರಬಾರದು. ನಮ್ಮ ಊರುಗಳಲ್ಲಿ ಇದು ಒಂದಡಿ, ಒಂದೂವರೆ ಅಡಿಯೂ ಇರುವುದುಂಟು. ಸೀರೆ ಉಟ್ಟವರು, ಬುರ್ಖಾ ಧರಿಸಿದವರು, ಕೈಯಲ್ಲಿ ಮಗು ಹಿಡಿದವರು, ಮಂಡಿ ನೋವಿನ ಅಜ್ಜಿಯರು ಪ್ರತಿ ಗೇಟಿನ ಮುಂದೆ ಅದನ್ನು ಇಳಿದು ಹತ್ತಿ, ಹತ್ತಿ ಇಳಿದು ಕೊನೆಗೆ ಬೇಸತ್ತು ರಸ್ತೆಯಲ್ಲೇ ನಡೆಯುತ್ತಾರೆ. ಆಗ 'ಜನರಿಗೆ ಫುಟ್‌ಪಾತ್ ಕೊಟ್ಟರೂ ಬಳಸುವುದಿಲ್ಲ' ಎಂಬ ದೂರು ಬೇರೆ! ಅರ್ಧ ಅಡಿ ಏರಲು ಗಾಲಿಕುರ್ಚಿಗೆ ಕನಿಷ್ಠ ಆರು ಅಡಿ ಉದ್ದದ ಇಳಿಜಾರು ಬೇಕು. ಬೈಕುಗಳನ್ನು ತಡೆಯಲು ನೆಡುವ ಗೂಟಗಳ ನಡುವೆ ಗಾಲಿಕುರ್ಚಿ ದಾಟುವಷ್ಟು ಜಾಗವೂ ಇರಬೇಕು. ಬೈಕನ್ನು ತಡೆಯಲು ಹೋಗಿ ಅಂಗವಿಕಲರನ್ನು ಹೊರಗಿಟ್ಟ ಉದಾಹರಣೆಗಳು ಎಷ್ಟೋ.

ಬೆಂಗಳೂರಿನಲ್ಲೇ ಇದನ್ನು ಸರಿಯಾಗಿ ಮಾಡಿ ತೋರಿಸಿದ್ದೂ ಇದೆ. 'ಟೆಂಡರ್ ಶ್ಯೂರ್' ಹೆಸರಿನ ಯೋಜನೆಯಲ್ಲಿ ರಿಚ್ಮಂಡ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ ಮಲ್ಯ ರಸ್ತೆ ಮುಂತಾದ ಏಳು ರಸ್ತೆಗಳನ್ನು ಮೊದಲ ಹಂತದಲ್ಲಿ ಕಟ್ಟಲಾಯಿತು. ವಿನ್ಯಾಸ ರೂಪಿಸಿದ್ದು ಜನ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ, ಹಣ ಒದಗಿಸಿದ್ದು ರಾಜ್ಯ ಸರ್ಕಾರ. ಅಲ್ಲಿನ ಮುಖ್ಯ ಉಪಾಯ ಮೇಲಿನ ಕಲ್ಲಿನಲ್ಲಿಲ್ಲ, ಕೆಳಗಿನ ಕೊಳವೆಯಲ್ಲಿದೆ. ವಿದ್ಯುತ್ತು, ಕೇಬಲ್ಲು, ನೀರು, ಒಳಚರಂಡಿ ಎಲ್ಲಕ್ಕೂ ಫುಟ್‌ಪಾತಿನ ಅಡಿಯಲ್ಲಿ ಮೊದಲೇ ಪ್ರತ್ಯೇಕ ದಾರಿ ಮಾಡಿ, ಅಲ್ಲಲ್ಲಿ ತೆರೆಯಬಹುದಾದ ಮುಚ್ಚಳ ಇಟ್ಟರು. ದುರಸ್ತಿಗೆ ಮುಚ್ಚಳ ತೆರೆದರೆ ಸಾಕು, ಅಗೆಯಬೇಕಿಲ್ಲ. ತಲೆಯ ಮೇಲೆ ತಂತಿಯೂ ಇಲ್ಲ. ಖರ್ಚು ಜಾಸ್ತಿಯಾಯಿತು, ಶ್ರೀಮಂತರ ರಸ್ತೆಗಳಿಗೇ ಆಯಿತು ಎಂಬ ಟೀಕೆ ಆಗಲೇ ಬಂದಿತ್ತು. ಎರಡನೆಯ ಟೀಕೆಯಲ್ಲಿ ಹುರುಳಿದೆ. ಮೊದಲನೆಯದನ್ನು ನಾನು ಒಪ್ಪಲಾರೆ. ಒಂದೇ ರಸ್ತೆಯನ್ನು ವರ್ಷಕ್ಕೆ ಮೂರು ಇಲಾಖೆಯವರು ಅಗೆದು ಮುಚ್ಚುವ ಖರ್ಚನ್ನು ಯಾರಾದರೂ ಕೂಡಿಸಿ ನೋಡಿದ್ದಾರೆಯೇ?

ದುಡ್ಡು ಎಲ್ಲಿಂದ?

ಹಳೆಯ ಬಿಬಿಎಂಪಿಯ ಎಂಟು ವಲಯಗಳಲ್ಲಿ ಆಸ್ತಿ ತೆರಿಗೆ ಸಂಗ್ರಹದಲ್ಲಿ ವರ್ಷಗಳ ಕಾಲ ಮೊದಲ ಸ್ಥಾನದಲ್ಲಿದ್ದದ್ದು ವೈಟ್‌ಫೀಲ್ಡ್ ಇರುವ ಮಹದೇವಪುರ ವಲಯ. ಆ ಹಣ ಇಡೀ ನಗರದ ಬೊಕ್ಕಸಕ್ಕೆ ಸೇರುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಬದಲು ಐದು ಪಾಲಿಕೆಗಳು ಬಂದವು. ಮಹದೇವಪುರ, ಕೃಷ್ಣರಾಜಪುರಗಳು ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿವೆ. ಅಂದರೆ ಇಲ್ಲಿನ ತೆರಿಗೆಗೆ ಇಲ್ಲಿಯದೇ ಖಜಾನೆ. ಫುಟ್‌ಪಾತಿಗೆ ಹಣವಿಲ್ಲ ಎಂದು ಹೇಳಲು ಈ ಪಾಲಿಕೆಗೆ ನೆಪ ಕಡಿಮೆ.

ಇದಲ್ಲದೆ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರ ನಿಧಿ 5 ಕೋಟಿ. 2013ರ ಕಂಪೆನಿ ಕಾಯ್ದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ವೈಟ್‌ಫೀಲ್ಡ್‌ನಲ್ಲಿ ಅಂಥ ಕಂಪೆನಿಗಳಿಗೆ ಬರವೇ? ಆದರೆ ಕಂಪೆನಿಯ ಹಣಕ್ಕೊಂದು ಗುಣವಿದೆ. ಅದು ನಾಮಫಲಕ ಹಾಕುವ ಕಡೆ ಹೋಗುತ್ತದೆ. ತನ್ನ ಗೇಟಿನ ಮುಂದಿನ ನೂರು ಮೀಟರ್ ಚೆಂದ ಮಾಡಿಸುವವರು ಹಿಂದಿನ ಓಣಿಯ ದೀಪ ಕೆಟ್ಟಿದ್ದನ್ನು ನೋಡುವುದಿಲ್ಲ. ಮನೆಗೆಲಸ ಮುಗಿಸಿ ರಾತ್ರಿ ಹಿಂದಿರುಗುವ ಹೆಂಗಸರ ದಾರಿ ಮಾತ್ರ ಆ ಓಣಿಯೇ.

ಎಲೆಕ್ಟ್ರಾನಿಕ್ ಸಿಟಿಯವರು ಬೇರೊಂದು ದಾರಿ ಹಿಡಿದರು. 2013ರಲ್ಲಿ ಅಲ್ಲಿ ಕೈಗಾರಿಕಾ ಪಟ್ಟಣ ಪ್ರಾಧಿಕಾರ ರಚನೆಯಾಯಿತು. ಕಂಪೆನಿಗಳ ಆಸ್ತಿ ತೆರಿಗೆಯನ್ನು ಪ್ರಾಧಿಕಾರವೇ ಸಂಗ್ರಹಿಸುತ್ತದೆ, ಒಂದು ಪಾಲನ್ನು ಸುತ್ತಲಿನ ಪಂಚಾಯಿತಿಗಳಿಗೆ ಕೊಡುತ್ತದೆ, ಉಳಿದದ್ದರಲ್ಲಿ ರಸ್ತೆ, ಫುಟ್‌ಪಾತ್, ದೀಪ ನೋಡಿಕೊಳ್ಳುತ್ತದೆ. ಅಲ್ಲಿ ಫುಟ್‌ಪಾತಿಗೆ ವಾರಸುದಾರರು ಸಿಕ್ಕಿದ್ದಾರೆ. ಆದರೆ ಆ ವಾರಸುದಾರಿಕೆ ಗಡಿಗೆರೆಯಲ್ಲಿ ನಿಲ್ಲುತ್ತದೆ. ಅಲ್ಲಿ ದುಡಿಯುವ ಬಡವರು ಮಲಗುವುದು ಗೆರೆಯ ಆಚೆ.

ಬೀದಿ ವ್ಯಾಪಾರಿಗಳ ಬಗ್ಗೆಯೂ ಒಂದು ಮಾತು. ಫುಟ್‌ಪಾತ್ ಸರಿಪಡಿಸುವುದೆಂದರೆ ಮೊದಲು ಹೂವಿನಾಕೆಯನ್ನೂ ಹಣ್ಣಿನ ಗಾಡಿಯವನನ್ನೂ ಓಡಿಸುವುದು ಎಂದು ಕೆಲವರು ತಿಳಿದಿದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ನೀಡಿದೆ. ಸಮೀಕ್ಷೆ ಮಾಡಿ ಅವರಿಗೂ ಜಾಗ ಗುರುತಿಸಬೇಕು ಎನ್ನುತ್ತದೆ. ಅಂದಹಾಗೆ, ರಾತ್ರಿ ಎಂಟರ ಮೇಲೆ ಒಂಟಿಯಾಗಿ ನಡೆಯುವ ಹೆಣ್ಣುಮಗಳಿಗೆ ಧೈರ್ಯ ಕೊಡುವುದು ಆ ಗಾಡಿಯ ದೀಪವೇ.

ತಾಯಂದಿರು ಎದ್ದು ನಿಂತಾಗ

ನೆದರ್‌ಲ್ಯಾಂಡ್ಸ್ ಎಂದರೆ ಸೈಕಲ್ಲುಗಳ ನಾಡು ಎಂದು ನೀವು ಕೇಳಿರಬಹುದು. ಅದು ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಂದೆ ತಾಯಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಹೂಡಿದರು, ರಸ್ತೆಗೆ ಅಡ್ಡ ಕುಳಿತರು. ವಾಹನಗಳು ನಡಿಗೆಯ ವೇಗದಲ್ಲಿ ಸಾಗಬೇಕಾದ ವಸತಿ ಬೀದಿಗಳಿಗೆ 1976ರಲ್ಲಿ ಅಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಜನ ವಾಹನ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಜಗತ್ತಿಗೇ ಹೇಳಿತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 32,825 ಪಾದಚಾರಿಗಳು ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ದಿನಕ್ಕೆ ಸರಾಸರಿ 90 ಮಂದಿ. ಇದನ್ನು ನಾವು ವಿಧಿಬರಹ ಎಂದು ಒಪ್ಪಿಕೊಂಡು ಕುಳಿತಿದ್ದೇವೆಯೇ?

ದಾರಿಯಲ್ಲಿ ಬಿದ್ದ ಮುಳ್ಳನ್ನು ಪಕ್ಕಕ್ಕೆ ಸರಿಸುವುದೂ ದಾನವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಾಲಿಗೆ ತಾಗಿದ ಕಲ್ಲನ್ನು ಎತ್ತಿಡುವ ಮಗುವಿಗೆ, ತೆರೆದ ಚರಂಡಿಯ ಮುಂದೆ ಏನು ಮಾಡಬೇಕೆಂದು ನಾವು ಕಲಿಸಿಲ್ಲ. ಅದನ್ನು ಒಬ್ಬರ ಕೈ ಸರಿಸಲಾರದು, ಅರ್ಜಿ ಬೇಕು.

ಕಾನೂನು ಈಗ ನಿಮ್ಮ ಪಕ್ಕದಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಅವರಿಗೂ ಬಳಸಲು ಬರುವಂತಿರಬೇಕೆಂದು ವಿಧಿಸಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಾದಚಾರಿಗಳ ಫುಟ್‌ಪಾತ್ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ಸ್ಪಷ್ಟಪಡಿಸಿತು.

ಹಾಗಾದರೆ ಮನೆಯಲ್ಲಿರುವ ನೀವು ಏನು ಮಾಡಬಹುದು? ನಾಲ್ಕು ಮನೆಯ ಹೆಂಗಸರು ಸೇರಿ ಶಾಲೆಯಿಂದ ಮನೆಯವರೆಗೆ ಒಮ್ಮೆ ನಡೆಯಿರಿ. ಜತೆಗೆ ಊರುಗೋಲಿನ ಅಜ್ಜಿಯನ್ನೋ ಗಾಲಿಕುರ್ಚಿಯ ಹುಡುಗನನ್ನೋ ಕರೆದುಕೊಳ್ಳಿ, ಅಳತೆಯ ಟೇಪು ಇರಲಿ. ಎಲ್ಲಿ ಫುಟ್‌ಪಾತ್ ತುಂಡಾಗಿದೆ, ಯಾವ ಕಂಬದ ದೀಪ ಉರಿಯುತ್ತಿಲ್ಲ, ಎಲ್ಲಿ ತಂತಿ ಜೋತಿದೆ ಬರೆದುಕೊಳ್ಳಿ. ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ, ಮಕ್ಕಳನ್ನು ದೂರ ನಿಲ್ಲಿಸಿ ತಕ್ಷಣ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಉಳಿದದ್ದನ್ನು ಪಾಲಿಕೆಯ ಎಂಜಿನಿಯರರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿರುವುದಿಲ್ಲ.

ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 'ನಮ್ಮ ರಸ್ತೆ ಯಾವಾಗ ಸರಿಯಾಗುತ್ತದೆ' ಎಂದು ಕೇಳಬೇಡಿ, ಅದಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬರುತ್ತದೆ. ಕಾಗದಗಳನ್ನು ಕೇಳಿ: ಈ ರಸ್ತೆಯ ಫುಟ್‌ಪಾತಿಗೆ ಕೊನೆಯ ಬಾರಿ ಮಂಜೂರಾದ ಮೊತ್ತವೆಷ್ಟು, ಅದು ಯಾವ ನಿಧಿಯದು, ಗುತ್ತಿಗೆದಾರರು ಯಾರು, ಅಳತೆ ಪುಸ್ತಕದ ಪ್ರತಿ ಕೊಡಿ, ಕಾಮಗಾರಿ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಯಾವತ್ತಿಗೆ ಮುಗಿಯುತ್ತದೆ. ಕೊನೆಯ ಪ್ರಶ್ನೆಯನ್ನು ಮರೆಯದಿರಿ. ಆ ಅವಧಿಯೊಳಗೆ ಚಪ್ಪಡಿ ಒಡೆದಿದ್ದರೆ ಪಾಲಿಕೆ ಹೊಸದಾಗಿ ಒಂದು ರೂಪಾಯಿಯನ್ನೂ ಹುಡುಕಬೇಕಿಲ್ಲ. ಅರ್ಜಿ ಕನ್ನಡದಲ್ಲೇ ಇರಲಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಒಳಗೆ. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಕೊಡಬೇಕು.