ಹಿಗ್ಗುವ, ಹಿಗ್ಗಿದ, ಹಿಗ್ಗಿಸುವ

ಪೂರಿ ಉಬ್ಬುತ್ತದೆ, ಹಾಲು ಉಕ್ಕುತ್ತದೆ, ಮೊಗ್ಗು ಅರಳುತ್ತದೆ, ಮಲ್ಲಿಗೆ ಬಳ್ಳಿ ಚಪ್ಪರದ ಮೇಲೆ ಹಬ್ಬುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ. ಚುನಾವಣೆ ಗೆದ್ದವನು ಬೀಗುತ್ತಾನೆ. ಎಲ್ಲ ಕಡೆಯೂ ನಡೆದಿರುವುದು ಒಂದೇ: ಇದ್ದ ಜಾಗಕ್ಕಿಂತ ಹೆಚ್ಚು ಜಾಗ ಹಿಡಿಯುವುದು. ಆದರೂ ಪೂರಿ ಬೀಗಿತು ಎಂದರೆ ಮೈಸೂರಿನ ಯಾವ ಹೋಟೆಲಿನಲ್ಲೂ ನಗುತ್ತಾರೆ. ಹಾಲು ಹಬ್ಬಿತು ಎಂದರೆ ಮನೆಯವರು ಒಲೆಯತ್ತ ಓಡುವುದೂ ಇಲ್ಲ.

ಇಂಗ್ಲಿಷಿನಲ್ಲಿ 'ಎಕ್ಸ್‌ಪ್ಯಾನ್ಸಿವ್' ಎಂಬ ಗುಣವಾಚಕವೊಂದಿದೆ. ಆವಿಗೂ ಅದೇ, ಬಯಲಿಗೂ ಅದೇ, ಮಾತಿಗೂ ಮಣ್ಣಿಗೂ ಮನೋರೋಗಕ್ಕೂ ಅದೇ. ಅದನ್ನು ಕನ್ನಡಕ್ಕೆ ತರಬೇಕಾದವನು ಮೊದಲು ಕೇಳಬೇಕಾದದ್ದು 'ಇದರ ಅರ್ಥವೇನು' ಎಂದಲ್ಲ, 'ಯಾವುದು ಹಿಗ್ಗಿತು, ಯಾವಾಗ ಹಿಗ್ಗಿತು' ಎಂದು.

ಪದದ ಬೇರು ಲ್ಯಾಟಿನ್ನಿನ 'ಪಾಂಡೆರೆ'. ಹಾಯಿಯನ್ನು ಬಿಚ್ಚುವುದು, ರೆಕ್ಕೆ ಹರಡುವುದು, ಬಾಗಿಲನ್ನು ಅಗಲವಾಗಿ ತೆರೆಯುವುದು, ಇವಕ್ಕೆಲ್ಲ ರೋಮನ್ನರು ಬಳಸುತ್ತಿದ್ದ ಕ್ರಿಯಾಪದ ಅದು. ಅದರ ಹಿಂದೆ 'ಹೊರಕ್ಕೆ' ಎಂಬ ಅರ್ಥದ 'ಎಕ್ಸ್' ಸೇರಿತು. 1611ರಲ್ಲಿ ಅಚ್ಚಾದ ಜೇಮ್ಸ್ ದೊರೆಯ ಇಂಗ್ಲಿಷ್ ಬೈಬಲಿನಲ್ಲಿ, ಆಕಾಶ ಮಂಡಲದ ಸೃಷ್ಟಿಯನ್ನು ಹೇಳುವಲ್ಲಿ, ಹೀಬ್ರೂ ಮೂಲದ ಅರ್ಥ 'ಎಕ್ಸ್‌ಪ್ಯಾನ್ಷನ್' ಎಂದು ಅಂಚಿನ ಟಿಪ್ಪಣಿ ಇದೆ. ಗುಣವಾಚಕ ಹುಟ್ಟಿದ್ದು ಇನ್ನೂ ತಡವಾಗಿ, 17ನೆಯ ಶತಮಾನದ ನಡುಭಾಗದಲ್ಲಿ. ಆಗ ಅದಕ್ಕಿದ್ದುದು ಒಣ ಅರ್ಥ: ಹಿಗ್ಗುವ ಶಕ್ತಿಯುಳ್ಳ.

ಆ ಒಣ ಅರ್ಥಕ್ಕೆ ದುಡಿಮೆ ಹಚ್ಚಿದವನು ಜೇಮ್ಸ್ ವಾಟ್. ಕೊಳವೆಯೊಳಗೆ ಆವಿಯನ್ನು ಕೊನೆಯವರೆಗೂ ತುಂಬುತ್ತ ಹೋಗಬೇಕಾಗಿಲ್ಲ. ಕೊಂತ, ಅಂದರೆ ಪಿಸ್ಟನ್, ಸ್ವಲ್ಪ ದೂರ ಸರಿದ ಕೂಡಲೇ ಆವಿಯ ದಾರಿ ಮುಚ್ಚಿಬಿಡಿ, ಒಳಗೆ ಸಿಕ್ಕಿಕೊಂಡ ಆವಿ ತಾನೇ ಹಿಗ್ಗಿ ಉಳಿದ ದೂರ ತಳ್ಳುತ್ತದೆ ಎಂದು ಅವನು ಕಂಡುಕೊಂಡ. 1782ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಉಳಿದದ್ದು ಕಲ್ಲಿದ್ದಲು. ಅದೇ ಉಪಾಯ ರೈಲಿನ ಉಗಿಬಂಡಿಗಳಲ್ಲೂ ಇತ್ತು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಶುರುವಾಯಿತು. ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿ ನಿಂತಿರುವ ಹಳೆಯ ಉಗಿಬಂಡಿಗಳ ಸಿಲಿಂಡರನ್ನು ಒಮ್ಮೆ ಮುಟ್ಟಿ ನೋಡಿ. ಬಂಡಿ ವೇಗ ಹಿಡಿದ ಮೇಲೆ ಚಾಲಕ ಆವಿಯನ್ನು ಬೇಗ ಕಡಿದು, ಮಿಕ್ಕ ಕೆಲಸವನ್ನು ಹಿಗ್ಗಿಗೆ ಬಿಡುತ್ತಿದ್ದ.

ಬೈಬಲಿನ ಆಕಾಶ ಆಗಲೇ ಹರಡಿಕೊಂಡಿದೆ, ಸಿಲಿಂಡರಿನ ಆವಿ ಇನ್ನೂ ಹಿಗ್ಗಬೇಕು. ಇಂಗ್ಲಿಷಿನ ಗುಣವಾಚಕ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಕನ್ನಡದಲ್ಲಿ ಅದು ಸಾಗುವುದಿಲ್ಲ. ಅಚ್ಚಗನ್ನಡದಲ್ಲಿ ಗುಣವಾಚಕಗಳು ಕಡಮೆ, ಆ ಕೆಲಸವನ್ನು ಬಹುಮಟ್ಟಿಗೆ ಕೃದಂತಗಳೇ ಮಾಡುತ್ತವೆ. ಹಿಗ್ಗುವ ಆವಿ, ಹಿಗ್ಗಿದ ಹಳಿ, ಹಿಗ್ಗಿಸುವ ಶಾಖ, ಹಿಗ್ಗದ ಲೋಹ: ಕಾಲ, ಕರ್ತೃ, ನಿಷೇಧ ಎಲ್ಲವೂ ಪದದ ಬಾಲದಲ್ಲೇ ಬಂದುಬಿಡುತ್ತವೆ. ಇದನ್ನು ಭಾಷೆಯ ಬಡತನ ಎನ್ನುವವರಿದ್ದಾರೆ. ನನಗಂತೂ ಹಾಗೆನಿಸಿಲ್ಲ. ನುಣುಚಿಕೊಳ್ಳಲು ಬಿಡದ ಭಾಷೆ ಅನುವಾದಕನಿಗೆ ಕಾಟ ಕೊಡಬಹುದು, ಓದುಗನಿಗೆ ಉಪಕಾರಿಯೇ.

ಈ ಕಾಟವನ್ನು ಮೈಸೂರು ಚೆನ್ನಾಗಿ ಉಂಡಿದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬೆಳಕು ಕಂಡದ್ದು 1946ರಲ್ಲಿ. ಅದಕ್ಕೂ ಮೊದಲು, 1930ರ ದಶಕದಲ್ಲೇ, ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವ ಪದ್ಧತಿ ಬಂತು. ಇಂಗ್ಲಿಷಿನಲ್ಲಿ ಅದು 'ಎಕ್ಸ್‌ಟೆನ್ಷನ್ ಲೆಕ್ಚರ್', ಅಂದರೆ ವಿದ್ಯೆಯನ್ನು ಕಾಲೇಜಿನ ಗೋಡೆಯಾಚೆ ಚಾಚುವುದು. ಅಕ್ಷರಶಃ 'ವಿಸ್ತರಣೋಪನ್ಯಾಸ' ಎಂದಿದ್ದರೆ ಉಪನ್ಯಾಸ ಬಹಳ ಉದ್ದವಿರಬೇಕು ಎಂದು ಜನ ಹೆದರುತ್ತಿದ್ದರೇನೋ! 'ಪ್ರಚಾರೋಪನ್ಯಾಸ' ಎಂದರು, ಆ ಮಾಲೆಯ ಪುಟ್ಟ ಪುಸ್ತಕಗಳು ಮನೆಮನೆಗೆ ಹೋದವು. ಇಂದಿನ ಕಿರುಹೊತ್ತಿಗೆಗಳಿಗೆ ಅವು ಅಜ್ಜಿಯಿದ್ದ ಹಾಗೆ.

ಪಠ್ಯಪುಸ್ತಕದವರು ಮಾತ್ರ ಬೇರೆ ದಾರಿ ಹಿಡಿದರು. ವಿಜ್ಞಾನದ ಪಾಠದಲ್ಲಿ 'ವ್ಯಾಕೋಚನ' ಎಂಬ ಪದ ಬಂತು, 'ಸಂಕೋಚನ'ಕ್ಕೆ ಜೋಡಿಯಾಗಿ. ಪರೀಕ್ಷೆ ಮುಗಿದ ಮರುದಿನ ಅದನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. 'ಬಿಸಿಗೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ' ಎಂದು ಮೇಷ್ಟ್ರು ಬಾಯಿಮಾತಿನಲ್ಲಿ ಹೇಳಿದ್ದೇ ತಲೆಯಲ್ಲಿ ನಿಂತಿತು. ಏಕೆಂದರೆ ಹಿಗ್ಗು-ಕುಗ್ಗು ಜೋಡಿ ನಮಗೆ ಪಾಠಕ್ಕಿಂತ ಮೊದಲೇ ಗೊತ್ತು. ಮಗ ರ‍್ಯಾಂಕ್ ಬಂದರೆ ತಾಯಿ ಹಿಗ್ಗಿ ಹೀರೇಕಾಯಿ ಆಗುತ್ತಾಳೆ. ಸಾಲ ಹೆಚ್ಚಾದರೆ ತಂದೆ ಕುಗ್ಗಿಹೋಗುತ್ತಾನೆ. ಹಿಗ್ಗದೆ ಕುಗ್ಗದೆ ಇರಬೇಕು ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಲೋಹಕ್ಕೆ ಆಗುವುದೂ ಎದೆಗೆ ಆಗುವುದೂ ಒಂದೇ ಎಂದು ನಮ್ಮ ಭಾಷೆ ಯಾವ ಕಾಲಕ್ಕೋ ತೀರ್ಮಾನಿಸಿಬಿಟ್ಟಿದೆ.

ಇಂಗ್ಲಿಷಿನ ಪದ ಎದೆಯೊಳಗೆ ಕಾಲಿಟ್ಟಿದ್ದು ಆವಿಯಂತ್ರವೆಲ್ಲ ಆದ ಮೇಲೆ. 19ನೆಯ ಶತಮಾನದಲ್ಲಿ 'ಎಕ್ಸ್‌ಪ್ಯಾನ್ಸಿವ್' ಮನುಷ್ಯ ಎಂದರೆ ಮುಚ್ಚುಮರೆಯಿಲ್ಲದೆ, ಉದಾರವಾಗಿ ಮಾತಿಗಿಳಿಯುವವನು ಎಂದಾಯಿತು. ಇಲ್ಲಿ 'ಹಿಗ್ಗು' ಕೈಕೊಡುತ್ತದೆ. ಒಳ್ಳೆಯ ಊಟ, ಎಲೆಯಡಿಕೆ ಆದ ಮೇಲೆ ಜಗಲಿಯಲ್ಲಿ ಕೂತವರು ಹಿಗ್ಗಿ ಮಾತಾಡುವುದಿಲ್ಲ, ಮನಬಿಚ್ಚಿ ಮಾತಾಡುತ್ತಾರೆ. ಹಾಯಿ ಬಿಚ್ಚುತ್ತಿದ್ದ ಲ್ಯಾಟಿನ್ ಕ್ರಿಯಾಪದಕ್ಕೆ ನಮ್ಮ 'ಬಿಚ್ಚು' ಎಷ್ಟು ಹತ್ತಿರ ಬಂದು ಕೂತಿದೆ, ನೋಡಿ. ಇನ್ನು ಮನೋವೈದ್ಯರ ಬಳಕೆಯಲ್ಲಿ ಅದೇ ಪದ ಉನ್ಮಾದದ ಒಂದು ಲಕ್ಷಣ: ತನ್ನನ್ನು ತಾನು ಮಿತಿಮೀರಿ ದೊಡ್ಡವನೆಂದುಕೊಳ್ಳುವ ಸ್ಥಿತಿ. ಅದನ್ನು 'ಹಿಗ್ಗಿದ ಮನಸ್ಸು' ಎಂದು ಅನುವಾದಿಸಿದರೆ ಮನೆಯವರು ರೋಗಿ ಸಂತೋಷವಾಗಿದ್ದಾನೆ ಎಂದುಕೊಂಡಾರು. ಅಲ್ಲಿಗೆ ಬೇಕಾದದ್ದು 'ಬೀಗು'.

ಎಂಜಿನಿಯರುಗಳಿಗೆ 'ಎಕ್ಸ್‌ಪ್ಯಾನ್ಸಿವ್' ಎಂಬುದು ನೀರು ಹೀರಿ ಉಬ್ಬುವ ಮಣ್ಣಿನ ಹೆಸರು. ಮೈಸೂರಿನ ಸುತ್ತ ಹೆಚ್ಚಾಗಿ ಕೆಮ್ಮಣ್ಣು, ಅದರ ಮೇಲೆ ಮನೆ ಕಟ್ಟುವವರಿಗೆ ಈ ತಲೆನೋವು ಕಡಮೆ. ಗದಗ, ವಿಜಯಪುರದ ಕಡೆಯ ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಗೋಡೆ ಸೀಳುವುದು ಆಗಲೇ. ಅಲ್ಲಿಯ ರೈತನಿಗೆ 'ಎರೆ' ಎಂಬ ಎರಡಕ್ಷರ ಸಾಕು. ಗುಣವನ್ನು ಹೆಸರೇ ಹೊತ್ತಿದೆ, ಗುಣವಾಚಕ ಬೇಡ.

ಊರಿನ ವಿಷಯಕ್ಕೆ ಬಂದರೆ ಕನ್ನಡ ಇನ್ನೊಂದು ಮನೆಯ ಬಾಗಿಲು ತಟ್ಟಿತು. ಪ್ಲೇಗಿನ ಹೊಡೆತದ ನಂತರ ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಇಕ್ಕಟ್ಟಿನ ಕೇರಿಗಳಾಚೆ ಅಗಲ ರಸ್ತೆಗಳು ಬಂದವು, ಚಾಮರಾಜಪುರಂ, ಲಕ್ಷ್ಮೀಪುರಂ, ಸರಸ್ವತಿಪುರಂ ಎಂದು ಒಂದೊಂದಾಗಿ ಹೊಸ ಹೆಸರುಗಳು ಸೇರುತ್ತ ಹೋದವು. ಆಡುಮಾತಿನಲ್ಲಿ ಇವು 'ಎಕ್ಸ್‌ಟೆನ್ಷನ್', ಬರವಣಿಗೆಯಲ್ಲಿ 'ಬಡಾವಣೆ'. ಹೆಚ್ಚಿಸು ಎಂಬ ಅರ್ಥದ ಹಿಂದುಸ್ತಾನಿ 'ಬಢಾನಾ' ಕಡೆಯಿಂದ ಬಂದ ಪದ ಅದು. 'ಬಡಾಯಿ' ಅದರ ಪಕ್ಕದ ಮನೆಯದು. ನಿವೇಶನದ ಜಾಹೀರಾತುಗಳಲ್ಲಿ ಈಗಲೂ ಎರಡೂ ಒಟ್ಟಿಗೇ ಓಡಾಡುತ್ತವೆ.

ರಾಜ್ಯಕ್ಕೆ ಸಿಕ್ಕಿದ್ದು ಸಂಸ್ಕೃತದ ಪದ. 1956ರ ನವೆಂಬರ್ 1ರಂದು ಹಳೆಯ ಮೈಸೂರಿಗೆ ಮುಂಬಯಿ, ಹೈದರಾಬಾದು, ಮದರಾಸಿನ ಕನ್ನಡ ಪ್ರದೇಶಗಳೂ ಕೊಡಗೂ ಸೇರಿ 19 ಜಿಲ್ಲೆಗಳಾದವು. ಜನ ಅದನ್ನು 'ವಿಶಾಲ ಮೈಸೂರು' ಎಂದರು. 'ವಿಸ್ತೃತ ಮೈಸೂರು' ಎಂದಿದ್ದರೆ ಯಾರೋ ಎಳೆದು ಹಿಗ್ಗಿಸಿದ ಹಾಗೆ ಕೇಳುತ್ತಿತ್ತು. 'ವಿಶಾಲ' ಎಂದಾಗ ಮೊದಲಿನಿಂದಲೂ ಹಾಗೇ ಇತ್ತೇನೋ ಎನ್ನಿಸುತ್ತದೆ. ಸೇರಿದವರಿಗೆ ಮೈಸೂರು ಎಂಬ ಹೆಸರೇ ಒಗ್ಗಲಿಲ್ಲ, ಅದು ಬೇರೆ ಮಾತು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ವಿಶೇಷಣ ಅಲ್ಲಿಗೆ ಕಳಚಿಬಿತ್ತು.