ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಒಂದು ಜರ್ಮನ್ ನಾಟಕ



ಜರ್ಮನ್ ಭಾಷೆಯ ಒಂದು ಶಬ್ದವೂ ಬಾರದ ನಾನು ಜರ್ಮನ್ ಸಾಹಿತ್ಯದ ಅಭಿಮಾನಿ ಎಂದರೆ ನಿಮಗೆ ನಗು ಬಂದೀತು. ಅನುವಾದದಲ್ಲಿ ಓದಿದ್ದು ಓದೇ ಅಲ್ಲ ಎನ್ನುವವರೂ ಇದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರು ಈ ಮಾತಿಗೆ ಅಂಜಿ ಅಂಥ ಪುಸ್ತಕಗಳನ್ನು ಕಪಾಟಿನಲ್ಲೇ ಬಿಟ್ಟುಬಿಡುತ್ತೇವೆ. ನಾನೂ ಬಹಳ ದಿನ ಬಿಟ್ಟಿದ್ದೆ. ಆ ಅಂಜಿಕೆ ಕಳೆದದ್ದು ಒಂದು ನಾಟಕದಿಂದ.

ನಾಟಕದ ಹೆಸರು 'ನೇಕಾರರು'. ಬರೆದವನು ಗೆರ್ಹಾರ್ಟ್ ಹೌಪ್ಟ್‌ಮನ್. 1912ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವನು. ಇವನ ಅಜ್ಜ ಎಳೆಯ ವಯಸ್ಸಿನಲ್ಲಿ ಬಡ ನೇಕಾರನಾಗಿದ್ದ. ಅಜ್ಜನ ಕಥೆಯನ್ನು ತಂದೆ ಹೇಳುತ್ತಿದ್ದುದರಿಂದ ನಾಟಕವನ್ನು ತಂದೆಗೇ ಅರ್ಪಿಸಿದ್ದಾನೆ. ವಸ್ತು ನಿಜವಾಗಿ ನಡೆದದ್ದು. 1844ರ ಜೂನ್ ತಿಂಗಳಲ್ಲಿ ಸೈಲೀಷಿಯಾ ಪ್ರಾಂತದ ನೇಕಾರರು ಮಜೂರಿ ಸಾಲದೆ ದಂಗೆ ಎದ್ದರು. ಸೈನ್ಯದ ಗುಂಡಿಗೆ ಹನ್ನೊಂದು ಜನ ಬಲಿಯಾದರು. ಆಗ ಪ್ರಷ್ಯಾದಲ್ಲಿದ್ದ ಆ ಊರುಗಳು ಇಂದು ಪೋಲೆಂಡಿನಲ್ಲಿವೆ.

ಮೊದಲ ಅಂಕದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ನೇಕಾರರು ನೇಯ್ದ ಬಟ್ಟೆಯನ್ನು ಹೊತ್ತು ಮಾಲೀಕನ ಮನೆಗೆ ಬಂದು ಸಾಲಾಗಿ ನಿಂತಿದ್ದಾರೆ. ಗುಮಾಸ್ತ ಬಟ್ಟೆಯನ್ನು ಬಿಚ್ಚಿ ನೋಡುತ್ತಾನೆ, ತೂಗುತ್ತಾನೆ, ಏನಾದರೊಂದು ದೋಷ ಹುಡುಕಿ ಮಜೂರಿ ಮುರಿಯುತ್ತಾನೆ. ಇವನೂ ಹಿಂದೆ ನೇಕಾರನೇ! ಸಾಲಿನಲ್ಲಿದ್ದ ಒಬ್ಬ ಹುಡುಗ ಹಸಿವಿನಿಂದ ನೆಲಕ್ಕೆ ಬೀಳುತ್ತಾನೆ.

ನನಗೆ ಸಿಕ್ಕಿದ್ದು ಇಂಗ್ಲಿಷ್ ಅನುವಾದ. ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದ ನಾನು ಈ ಅಂಕಕ್ಕೆ ಬಂದಾಗ ಪದಕೋಶವನ್ನು ಮರೆತೆ. ಅವ್ವ ಕಂಡಿಕೆ ಸುತ್ತುತ್ತಿದ್ದುದು, ಅಪ್ಪ ಸೀರೆಗಳ ಗಂಟು ಹೊತ್ತು ಹೋಗಿ, ಮರಳಿ ಬಂದಾಗ ಎಣಿಸಿದ ಹಣವನ್ನು ಮತ್ತೊಮ್ಮೆ ಎಣಿಸುತ್ತಿದ್ದುದು ಕಣ್ಣ ಮುಂದೆ ಬಂತು. ಬಟ್ಟೆ ನೋಡುವವನ ಬೆರಳು ಎಲ್ಲಿ ನಿಂತೀತೋ ಎಂದು ನೇಯ್ದವನು ಉಸಿರು ಹಿಡಿದು ನೋಡುವುದಿದೆಯಲ್ಲ, ಅದನ್ನು ಬರ್ಲಿನ್ ನಗರದ ಪ್ರೇಕ್ಷಕನಿಗೆ ವಿವರಿಸಿ ಹೇಳಬೇಕಾಗಿತ್ತೇನೋ. ಬನಹಟ್ಟಿಯ ಹುಡುಗನಿಗೆ ಬೇಕಿರಲಿಲ್ಲ.

ಅನುವಾದದಲ್ಲಿ ಏನೂ ಕಳೆಯುವುದಿಲ್ಲವೆ? ಖಂಡಿತ ಕಳೆಯುತ್ತದೆ. ದಂಗೆ ನಡೆದ ಊರಿನ ನಿಜವಾದ ಮಾಲೀಕರ ಹೆಸರು ತ್ಸ್ವಾನ್ಸಿಗರ್. ಆ ಹೆಸರಿನಲ್ಲಿ 'ಇಪ್ಪತ್ತು' ಇದೆ. ಹೌಪ್ಟ್‌ಮನ್ ತನ್ನ ಮಾಲೀಕನಿಗೆ ಡ್ರೈಸಿಗರ್ ಎಂದು ಹೆಸರಿಟ್ಟ, ಇದರಲ್ಲಿ 'ಮೂವತ್ತು'. ಈ ಚೇಷ್ಟೆ ಜರ್ಮನ್ ಬಲ್ಲವನಿಗೆ ತಕ್ಷಣ ಹೊಳೆಯುತ್ತದೆ, ನಮಗೆ ಯಾರಾದರೂ ಹೇಳಬೇಕು.

ಇದಕ್ಕಿಂತ ದೊಡ್ಡ ನಷ್ಟ ಆಡುಮಾತಿನದು. ನಾಟಕವನ್ನು ಹೌಪ್ಟ್‌ಮನ್ ಮೊದಲು ಬರೆದದ್ದು ಶಿಷ್ಟ ಜರ್ಮನ್‌ನಲ್ಲಲ್ಲ, ಸೈಲೀಷಿಯಾದ ಆಡುನುಡಿಯಲ್ಲಿ. ಅದು ಬೇರೆ ಕಡೆಯವರಿಗೆ ತಿಳಿಯುವುದು ಕಷ್ಟ. ಆದ್ದರಿಂದ ಶಿಷ್ಟ ಭಾಷೆಗೆ ಹತ್ತಿರವಾದ ಇನ್ನೊಂದು ಪಾಠವನ್ನು ತಾನೇ ಸಿದ್ಧಪಡಿಸಿದ. 1892ರಲ್ಲಿ ಬರ್ಲಿನ್ ಪೊಲೀಸರು ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿದರು. 1893ರಲ್ಲಿ ಖಾಸಗಿ ಪ್ರದರ್ಶನ, ನ್ಯಾಯಾಲಯದ ತೀರ್ಪಿನ ನಂತರ 1894ರಲ್ಲಿ ಸಾರ್ವಜನಿಕ ಪ್ರದರ್ಶನ ನಡೆದವು. ಈಗ ಯೋಚಿಸಿ: ತಿಳಿಯಲೆಂದು ತಿದ್ದಿದ ಆ ಪಾಠವನ್ನು ಓದಿದ ಜರ್ಮನರು ಕೂಡ ಒಂದು ರೀತಿಯಲ್ಲಿ ಅನುವಾದವನ್ನೇ ಓದಿದರಲ್ಲವೆ? ನಾನಂತೂ ಇಂಗ್ಲಿಷ್ ಸಂಭಾಷಣೆಗಳನ್ನು ಮನಸ್ಸಿನಲ್ಲಿ ನಮ್ಮ ಓಣಿಯ ಮಾತಿಗೆ ತಿರುಗಿಸಿಕೊಂಡೆ. "ಮಾಲ್ ಚಲೋ ಐತ್ರಿ, ಯಾಕ ಮಜೂರಿ ಮುರೀತೀರಿ?" ಎಂದು ಸೈಲೀಷಿಯಾದ ಮುದುಕ ಕೇಳಿದಂತೆ ಆಯಿತು. ಇಂಗ್ಲಿಷಿನಲ್ಲಿ ಕಳೆದದ್ದು ಕನ್ನಡದಲ್ಲಿ ಸ್ವಲ್ಪ ಮರಳಿ ಬಂತು ಎಂದೇ ನನ್ನ ನಂಬಿಕೆ.

ಹೀಗೆ ಎರಡು ಭಾಷೆ ದಾಟಿ ಓದುವುದು ನಮ್ಮ ಬಡತನವೆಂದು ತಿಳಿಯಬೇಡಿ. ಜರ್ಮನರು ನಮ್ಮ ಕಾಳಿದಾಸನನ್ನು ಓದಿದ್ದೂ ಹೀಗೆಯೇ. ವಿಲಿಯಂ ಜೋನ್ಸ್ 1789ರಲ್ಲಿ 'ಶಾಕುಂತಲ'ವನ್ನು ಇಂಗ್ಲಿಷಿಗೆ ತಂದ; ಅದರಿಂದ ಗೇಯಾರ್ಗ್ ಫಾರ್ಸ್ಟರ್ 1791ರಲ್ಲಿ ಜರ್ಮನ್‌ಗೆ ತಂದ. ಅದನ್ನು ಓದಿಯೇ ಮಹಾಕವಿ ಗಯಟೆ ಮಾರುಹೋದದ್ದು. 'ಫೌಸ್ಟ್' ನಾಟಕದ ಆರಂಭದ ರಂಗಪ್ರಸ್ತಾವನೆಯಲ್ಲಿ ವಿದ್ವಾಂಸರು ನಮ್ಮ ಸೂತ್ರಧಾರನ ನೆರಳನ್ನು ಕಂಡಿದ್ದಾರೆ. ಇನ್ನು ಮುಧೋಳದವರಿಗೆ ನಾನು ಹೇಳುವುದೇನಿದೆ! ನಿಮ್ಮ ರನ್ನನೇ 'ಗದಾಯುದ್ಧ'ಕ್ಕಾಗಿ ಸಂಸ್ಕೃತದ ಭಟ್ಟನಾರಾಯಣನ 'ವೇಣೀಸಂಹಾರ'ದತ್ತ ಕೈಚಾಚಿದವನು.

ಬೀಳಗಿ ಕಡೆಯ ಗೆಳೆಯರಿಗೆ ಬೇರೊಂದು ಪುಸ್ತಕ ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಮನೆಗಳಲ್ಲಿ ಹಿರಿಯರು ಮುಳುಗಿದ ಗುಡಿ, ಕಟ್ಟೆ, ಹೊಲಗಳ ಹೆಸರು ಹೇಳುತ್ತಾ ಕೂರುವುದನ್ನು ನೀವು ಕೇಳಿರುತ್ತೀರಿ. ಗುಂಟರ್ ಗ್ರಾಸ್ ಹುಟ್ಟಿದ ಡಾಂಜಿಗ್ ನಗರ ಯುದ್ಧದ ನಂತರ ಪೋಲೆಂಡಿಗೆ ಸೇರಿತು. ಜರ್ಮನ್ ನಿವಾಸಿಗಳಲ್ಲಿ ಹೆಚ್ಚಿನವರು ಊರು ಬಿಟ್ಟರು. 1959ರ 'ತಗಡಿನ ತಮಟೆ' ಕಾದಂಬರಿಯಲ್ಲಿ ಆತ ಆ ಊರಿನ ಬೀದಿ, ಅಂಗಡಿಗಳನ್ನು ಮತ್ತೆ ಕಟ್ಟಿದ್ದಾನೆ. ಪುಸ್ತಕ ದಪ್ಪ, ಕೆಲವು ಕಡೆ ವಿಚಿತ್ರ. ಪದವಿ ತರಗತಿಗೆ ಬಂದ ಮೇಲೆ ಕೈಗೆತ್ತಿಕೊಳ್ಳಿ.

ಆರಂಭಕ್ಕೆ 'ನೇಕಾರರು' ಸಾಕು. ಐದೇ ಅಂಕ. ತಿಳಿಯದ ಪದಕ್ಕೆಲ್ಲ ನಿಲ್ಲದೆ ಒಮ್ಮೆ ಓದಿ, ಎರಡನೆಯ ಸಲ ಪದಕೋಶ ತೆರೆಯಿರಿ. ಕೊನೆಯ ಅಂಕದಲ್ಲಿ ಹಿಲ್ಸೆ ಎಂಬ ಮುದುಕ ಬರುತ್ತಾನೆ. ಹೊರಗೆ ಗುಂಡಿನ ಸದ್ದು ಕೇಳುತ್ತಿದ್ದರೂ ತನ್ನ ಜಾಗ ಬಿಟ್ಟು ಏಳುವುದಿಲ್ಲ. ಆ ಜಾಗವನ್ನು ಗಮನಿಸಿ: ಕಿಟಕಿಯ ಬಳಿ, ಮಗ್ಗದ ಮುಂದೆ. ನಮ್ಮ ಅಜ್ಜನೂ ಅಲ್ಲಿಯೇ ಕೂರುತ್ತಿದ್ದ, ಬೆಳಕು ಚೆನ್ನಾಗಿ ಬೀಳುತ್ತದೆಂದು.