ಐಪಿ ಹಾಕಿದ್ರೆ ಸಾಲ ಹೋಗುತ್ತಾ?

"ಅಣ್ಣ, ಕೋರ್ಟಲ್ಲಿ ಐಪಿ ಹಾಕಿದ್ರೆ ಬ್ಯಾಂಕಿನವರು ಏನೂ ಮಾಡಕ್ಕಾಗಲ್ವಂತೆ, ನಿಜಾನಾ?"

ಟೊಮ್ಯಾಟೊ ರೇಟು ಬಿದ್ದಾಗೆಲ್ಲ ನನ್ನ ವಾಟ್ಸಾಪಿಗೆ ಇಂಥ ಮೆಸೇಜು ಬರುತ್ತೆ. ನಮ್ಮ ಕೋಲಾರದ ಕಡೆ ದಿವಾಳಿ ಅರ್ಜಿಗೆ ಐಪಿ ಅಂತಾರೆ, ಬೇರೆ ಕಡೆ ಪಾಪರ್ ಚೀಟಿ. ಜೀವಾಮೃತ, ಎಲೆಚುಕ್ಕೆ ರೋಗ ಅಂತ ಬರೆಯೋ ನಾನು ಇದಕ್ಕೆ ಯಾಕೆ ಕೈ ಹಾಕಿದೆ ಅಂದ್ರೆ, 2020ರಲ್ಲಿ ಇದೇ ಪ್ರಶ್ನೆ ಹಿಡಿದು ನಾನೂ ವಕೀಲರೊಬ್ಬರ ಮುಂದೆ ಕೂತಿದ್ದೆ. ಪಾಲಿಹೌಸಿನ ಕ್ಯಾಪ್ಸಿಕಂ ಕೊಯ್ಲಿಗೆ ಬಂದಾಗಲೇ ಲಾಕ್‌ಡೌನ್. ಬೆಳೆಯೆಲ್ಲ ತಿಪ್ಪೆಗೆ ಹೋಯ್ತು, ತಲೆ ಮೇಲೆ ಹನ್ನೊಂದು ಲಕ್ಷ ಸಾಲ ಉಳೀತು.

ವಕೀಲರು ಬೆಳೆ ಬಗ್ಗೆ ಕೇಳಲೇ ಇಲ್ಲ. "ಜಾಮೀನು ಯಾರು ಹಾಕಿದ್ದಾರೆ?" ಅಂದ್ರು. ನಮ್ಮ ಸೋದರಮಾವ ಅಂದೆ. "ನೀವು ದಿವಾಳಿಯಾದ್ರೆ ಬ್ಯಾಂಕು ಅವರ ಮನೆಗೆ ಹೋಗುತ್ತೆ, ಆಗಬಹುದಾ?"

ನನಗೆ ಉತ್ತರ ಬರಲಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಷ್ಟೇ ಜವಾಬ್ದಾರಿ ಜಾಮೀನುದಾರನದ್ದೂ ಹೌದು. ಸಾಲ ತಗೊಂಡವನನ್ನ ಕೋರ್ಟು ಬಿಡುಗಡೆ ಮಾಡಿದ್ರೂ ಜಾಮೀನು ಹಾಕಿದವನಿಗೆ ಬಿಡುಗಡೆ ಇಲ್ಲ. ಊರಲ್ಲಿ ಐಪಿ ಕಥೆ ಹೇಳೋರು ಈ ಭಾಗ ಮಾತ್ರ ಹೇಳಲ್ಲ.

ಹೊಸ ಕಾನೂನು ಬಂದಿದೆಯಲ್ಲ ಅಂತ ಕೆಲವರು ಕೇಳ್ತಾರೆ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ ಅದನ್ನ 2019ರ ಡಿಸೆಂಬರಲ್ಲಿ ಜಾರಿಗೆ ತಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಬಡವರ ಸಣ್ಣ ಸಾಲ ಮನ್ನಾ ಮಾಡೋ ದಾರಿಯೂ ಅದರಲ್ಲಿದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಅದು ಇನ್ನೂ ಕಾಗದದ ಮೇಲೇ ಇದೆ. ಜಾರಿಗೆ ಬಂದ್ರೂ ಮೂರೆಕರೆ, ಒಂದು ಹಂಚಿನ ಮನೆ ಇರೋ ನಮ್ಮಂಥವರಿಗೆ ಸಿಗಲ್ಲ.

ಹಾಗಾಗಿ ನಮಗಿರೋದು ಹಳೇ ದಾರಿ, ಜಿಲ್ಲಾ ನ್ಯಾಯಾಲಯ. ಅಲ್ಲಿ ದಿವಾಳಿ ಅಂತ ಘೋಷಣೆಯಾದ್ರೆ ನಮ್ಮ ಆಸ್ತಿ ಕೋರ್ಟಿನ ಕೈಗೆ ಹೋಗುತ್ತೆ, ಮಾರಿ ಸಾಲಗಾರರಿಗೆ ಹಂಚ್ತಾರೆ. ಅಡಮಾನ ಇಟ್ಟ ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಉಳಿಯುತ್ತೆ. ಅರ್ಜಿಗೆ ಮುಂಚೆ ಹೆಂಡತಿ ಹೆಸರಿಗೆ ದಾನಪತ್ರ ಮಾಡಿಟ್ಟರೆ ಅದನ್ನೂ ಕೋರ್ಟು ರದ್ದು ಮಾಡಬಹುದು. ನಿಜವಾಗಿ ಏನೂ ಉಳಿಯದವನಿಗೆ, ಜಾಮೀನುದಾರ ಯಾರೂ ಇಲ್ಲದವನಿಗೆ ಇದು ಉಪಯೋಗ ಆಗಬಹುದು. ನನ್ನ ಕೇಳಿದ್ರೆ ಉಳಿದವರಿಗೆ ನಷ್ಟವೇ.

ಐಪಿ ಹಾಕೋ ಯೋಚನೆ ಬರೋದೇ ಭಯದಿಂದ. ಅದರಲ್ಲಿ ಅರ್ಧ ಭಯಕ್ಕೆ ಕಾನೂನಲ್ಲಿ ಮೊದಲೇ ಉತ್ತರ ಇದೆ. ನೋಟಿಸ್ ಅಂಟಿಸಿ ನೇರವಾಗಿ ಹರಾಜು ಹಾಕ್ತಾರಲ್ಲ, ಆ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ, 31ನೇ ಕಲಂ ನೋಡಿ. ಬೇರೆ ಕಾನೂನಲ್ಲಿ ವಸೂಲಿಗೆ ಬರಬಹುದು, ಆದರೆ ನಮ್ಮ ಮಾತು ಹೇಳೋಕೆ ಅವಕಾಶ ಇರುತ್ತೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ರೈತನ ಬೇಸಾಯದ ಸಾಮಾನು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ, ವಾಸದ ಮನೆ ಜಪ್ತಿ ಮಾಡೋ ಹಾಗಿಲ್ಲ. ಆದರೆ ಮನೆಯನ್ನೇ ಅಡ ಇಟ್ಟಿದ್ರೆ, ಟ್ರ್ಯಾಕ್ಟರ್ ಮೇಲೇ ಸಾಲ ಇದ್ರೆ ಈ ರಕ್ಷಣೆ ಸಿಗಲ್ಲ.

ಜೈಲು? ಕಟ್ಟೋಕೆ ನಿಜವಾಗಿ ಗತಿ ಇಲ್ಲದವನನ್ನ ಸಾಲಕ್ಕಾಗಿ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಚೆಕ್ ಬೌನ್ಸ್ ಮಾತ್ರ ಬೇರೆ ಲೆಕ್ಕ, ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಶಿಕ್ಷೆ ಇದೆ. ಗೊಬ್ಬರದಂಗಡಿಗೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟು ಬರೋ ಹುಡುಗರನ್ನ ಕಂಡ್ರೆ ನನಗೆ ಬೈಬೇಕು ಅನ್ಸುತ್ತೆ.

ಮೈಕ್ರೋಫೈನಾನ್ಸ್‌ನವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರೋ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. 2025ರಲ್ಲಿ ಬಂದ ರಾಜ್ಯದ ಕಾನೂನಲ್ಲಿ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯ ಸಾಲ ಇದರಿಂದ ಮನ್ನಾ ಆಗಲ್ಲ.

ನಾನು ಕೊನೆಗೆ ಐಪಿ ಹಾಕಲಿಲ್ಲ. ಆ ವರ್ಷ ಮಾರ್ಚಿಂದ ಆಗಸ್ಟ್‌ವರೆಗೆ ಕಂತು ಮುಂದೂಡೋ ಅವಕಾಶ ಇತ್ತು, ತಗೊಂಡೆ. ಬಡ್ಡಿ ಮಾತ್ರ ಓಡ್ತಾನೇ ಇತ್ತು. ಅದು ಮುಗಿಯೋ ಮೊದಲೇ ಬ್ಯಾಂಕಿಗೆ ಹೋಗಿ, ಖರ್ಚು-ಆದಾಯದ ಲೆಕ್ಕ ಜೋಡಿಸಿ, ಅವಧಿ ಹೆಚ್ಚಿಸಿ ಅಂತ ಬರವಣಿಗೆಯಲ್ಲಿ ಕೇಳಿದೆ. ಎರಡು ಸಲ ವಾಪಸ್ ಕಳಿಸಿದ್ರು, ಮೂರನೇ ಸಲ ಒಪ್ಪಿದ್ರು. ಪಾಲಿಹೌಸಿನ ಪೈಪು ಮಾರಿ ಅಸಲಿಗೆ ಕಟ್ಟಿದೆ, ಬಯಲಲ್ಲಿ ಸೊಪ್ಪು, ಅವರೆ ಹಾಕಿದೆ. ಮಾವನ ಮನೆಗೆ ಹೋಗಿ ಇರೋ ವಿಷಯ ಹೇಳಿದ್ದು ಇದೆಲ್ಲಕ್ಕಿಂತ ಕಷ್ಟ ಆಯ್ತು.

ನಿಮಗೂ ಕಂತು ತಪ್ಪೋ ಹಾಗಿದ್ರೆ ತಪ್ಪೋ ಮೊದಲೇ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕೇಸು ಬಂದಿದ್ರೆ ಲೋಕ ಅದಾಲತ್‌ನಲ್ಲಿ ರಾಜಿಗೆ ಕೇಳಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಒಂದೇ ಕಂತಲ್ಲಿ ತೀರುವಳಿ ಮಾಡಿಕೊಂಡ್ರೆ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬರುತ್ತೆ, ಮುಂದೆ ಸಾಲ ಸಿಗೋದು ಕಷ್ಟ, ಗೊತ್ತಿರಲಿ. ಎಲ್ಲ ತೀರಿದ ಮೇಲೆ ಬ್ಯಾಂಕಿಂದ ಬೇಬಾಕಿ ಪತ್ರ ತಗೊಂಡು ಪಹಣಿಯ 11ನೇ ಕಾಲಂನಲ್ಲಿರೋ ಋಣ ತೆಗೆಸಿ. ನಾನು ಇದನ್ನ ಮರೆತು ಮತ್ತೆ ಆರು ತಿಂಗಳು ನಾಡಕಚೇರಿಗೆ ಅಲೆದೆ.